ಮುತ್ಯಾನ ಟ್ರಂಕಿನ ಫೋಟೋ

ಕಳೆದ ವಾರ ಚಿತ್ತಾಪುರಕ್ಕೆ ಹೋದಾಗ ಹಳೇ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ತು. ನಮ್ಮ ಮುತ್ಯಾನ ಅಪ್ಪ. ಕುತ್ತಿಗೆವರೆಗೆ ಗುಂಡಿ ಹಾಕಿದ ಶೇರ್ವಾನಿ, ತಲೆ ಮೇಲೆ ಕುಚ್ಚಿನ ರೂಮಿ ಟೋಪಿ, ಹಣೆಯಲ್ಲಿ ವಿಭೂತಿ! ಗುಲ್ಬರ್ಗಾದಲ್ಲಿ ಗುಮಾಸ್ತರಾಗಿದ್ದರಂತೆ. ನಿಜಾಮನ ಕಚೇರಿಯಲ್ಲಿ ಉರ್ದು ಹೇಗೋ ಹಾಗೇ ಈ ಉಡುಪೂ ನೌಕರಿಯ ಜೊತೆಗೇ ಬರುತ್ತಿತ್ತು. ತಮಾಷೆ ಅಂದ್ರೆ, ಈ ಟೋಪಿಯನ್ನು ಟರ್ಕಿಯಲ್ಲಿ ಕೆಮಾಲ್ ಪಾಷಾ 1925ರಲ್ಲೇ ನಿಷೇಧಿಸಿದ್ದ. ನಮ್ಮ ಕಡೆ ಇನ್ನೂ ಎರಡು ದಶಕ ಬಾಳಿತು.

1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ಅಲ್ಲಿಯವರೆಗೆ ರಜಾಕಾರರ ಹೆದರಿಕೆಗೆ ಗಾಂಧಿ ಟೋಪಿ ಮುಚ್ಚಿಡಬೇಕಿತ್ತು. ಆಮೇಲೆ ರೂಮಿ ಟೋಪಿಯ ಸರದಿ. ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾವೂ ಒಂದು ಅಂತ ಸುಂದರಲಾಲ್ ಸಮಿತಿಯ ವರದಿ ಹೇಳುತ್ತೆ. ಮುತ್ಯಾಗೆ ಆಗ ಹತ್ತು ವರ್ಷ. "ಅಪ್ಪ ಟೋಪಿ ಒಲಿಗಿ ಹಾಕಿದ. ಆ ಸುಟ್ಟ ವಾಸನಿ ಇನ್ನಾ ನೆನಪದ" ಅಂದ. ಫ್ಯಾಶನ್ನು ದಶಕಕ್ಕೊಮ್ಮೆ ಬದಲಾಗುತ್ತೆ ಅಂತೀವಲ್ಲ, ನಮ್ಮ ಮನೆಯಲ್ಲಿ ಅದು ಒಂದೇ ರಾತ್ರಿಗೆ ಬದಲಾಗಿತ್ತು.

ಮುಂದಿನದೆಲ್ಲ ನಿಧಾನ. 60ರ ದಶಕದ ಕೊನೆಗೆ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಬಂತು, ಧೋತರದ ಮನೆಗೆ ಪ್ಯಾಂಟು ಬಂತು. ಆಮೇಲೆ ಟೆರಿಕಾಟ್ ಬೆಲ್‌ಬಾಟಮ್ಮು... (ಶಹಾಬಾದಿನಲ್ಲಿ ತೆಗೆಸಿದ ನಮ್ಮ ಕಾಕಾನ ಫೋಟೋ ನೀವು ನೋಡಬೇಕು!) ಆಯಿ ಮಾತ್ರ ಇವತ್ತಿಗೂ ಇಳಕಲ್ ಸೀರೆ ಬಿಟ್ಟಿಲ್ಲ.

ಫ್ರೇಮ್ ಹಾಕಿಸಿ ಗೋಡೆಗೆ ಹಾಕೋಣ ಅಂದೆ. ಮುತ್ಯಾ ಫೋಟೋ ಇಸ್ಕೊಂಡು ಒಂದಿಷ್ಟು ಹೊತ್ತು ನೋಡಿದ. "ಬ್ಯಾಡ, ಟ್ರಂಕಿನಾಗೇ ಇರ್ಲಿ" ಅಂದ.