ಗ್ಲಾಕೋಮ ಚಿಕಿತ್ಸೆಯ ಲಕ್ಷ್ಯ: ಕಣ್ಣಿನ ಒತ್ತಡದಿಂದ ದೃಷ್ಟಿನರದೆಡೆಗೆ

ಗ್ಲಾಕೋಮ ಎಂಬ ನೇತ್ರರೋಗವು ಬಹುಮಟ್ಟಿಗೆ ನೋವಿಲ್ಲದೆ, ಸುಳಿವಿಲ್ಲದೆ ಮುಂದುವರಿಯತಕ್ಕುದು. ಅಕ್ಷಿಪಟಲದ ಗ್ಯಾಂಗ್ಲಿಯನ್ ಕೋಶಗಳಿಂದ ಹೊರಟ ನೀಳವಾದ ತಂತುಗಳು ಒಂದುಗೂಡಿ ದೃಷ್ಟಿನರವಾಗುತ್ತವೆ. ಈ ಕೋಶಗಳು ಅಳಿಯುತ್ತ ಬಂದಂತೆ ನೋಟದ ವ್ಯಾಪ್ತಿ ಕುಗ್ಗುತ್ತದೆ. ಅಳಿದ ಕೋಶ ಮತ್ತೆ ಹುಟ್ಟುವುದಿಲ್ಲ. ಆದುದರಿಂದ ಹೋದ ನೋಟವನ್ನು ಮರಳಿಸುವುದು ಇಂದಿಗೂ ಸಾಧ್ಯವಾಗಿಲ್ಲ. ಉಳಿದುದನ್ನು ಕಾಪಾಡುವುದಷ್ಟೇ ವೈದ್ಯನಿಗೆ ಸಾಧ್ಯ. ಹೀಗಿದ್ದರೂ ನೂರೈವತ್ತಕ್ಕೂ ಮಿಕ್ಕ ವರ್ಷಗಳ ಕಾಲ ಚಿಕಿತ್ಸೆಯ ಗುರಿಯಾಗಿದ್ದುದು ನರವಲ್ಲ, ಕಣ್ಣಿನೊಳಗಣ ಒತ್ತಡ. ಇದರ ಕಾರಣವನ್ನೂ, ಇತ್ತೀಚೆಗೆ ದೃಷ್ಟಿ ನರದ ಕಡೆಗೆ ಹೊರಳಿದ ಬಗೆಯನ್ನೂ ಇಲ್ಲಿ ವಿವೇಚಿಸಲಾಗಿದೆ.

1851ರಲ್ಲಿ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ಪ್ರಕಟಪಡಿಸಿದುದರಿಂದ ಜೀವಂತ ಮನುಷ್ಯನ ದೃಷ್ಟಿನರದ ತುದಿ ಮೊದಲ ಬಾರಿಗೆ ವೈದ್ಯನ ಕಣ್ಣಿಗೆ ಬಿದ್ದಿತು. 1857ರಲ್ಲಿ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಐರಿಸ್ ಪಟಲದ ಒಂದು ತುಂಡನ್ನು ಕತ್ತರಿಸಿ ತೆಗೆದು, ತೀವ್ರ ಗ್ಲಾಕೋಮವನ್ನು ಶಮನಗೊಳಿಸುವ ಶಸ್ತ್ರಕ್ರಿಯೆಯನ್ನು ವಿವರಿಸಿದನು. ಪಶ್ಚಿಮ ಆಫ್ರಿಕದ ಕಾಲಬಾರ್ ಬೀಜದ ಸತ್ತ್ವವಾದ ಫೈಸೊಸ್ಟಿಗ್ಮಿನ್ನನ್ನು 1876ರಲ್ಲಿ ಲುಡ್ವಿಗ್ ಲಾಕೂರ್ ಬಳಕೆಗೆ ತಂದನು. ಆತನೇ ಈ ರೋಗದಿಂದ ಪೀಡಿತನಾಗಿದ್ದನೆಂಬುದು ಗಮನಾರ್ಹ. 1905ರಲ್ಲಿ ನಾರ್ವೆಯ ಷಿಯೋಟ್ಸ್ ರಚಿಸಿದ ಮಾಪಕವು ಒತ್ತಡವನ್ನು ಅಂಕಿಯಲ್ಲಿ ತೋರಿಸಿತು. ಅಳೆಯಬಹುದಾದುದೇ ಚಿಕಿತ್ಸೆಯ ಗುರಿಯಾಗುವುದು ಸಹಜ. ಅಮೆರಿಕದಲ್ಲಿ 1978ರಲ್ಲಿ ಟಿಮೊಲಾಲ್, 1996ರಲ್ಲಿ ಲಟಾನೊಪ್ರಾಸ್ಟ್ ಅಂಗೀಕೃತವಾದುವು. ಇವೆರಡೂ ಒತ್ತಡವನ್ನು ಇಳಿಸುವ ಹನಿಗಳೇ.

ಆದರೆ ಒತ್ತಡ ಸಾಮಾನ್ಯ ಮಟ್ಟದಲ್ಲಿದ್ದರೂ ನರ ಕ್ಷಯಿಸುವ ರೋಗಿಗಳುಂಟು. ಇಂಥವರನ್ನು ಕುರಿತು 1998ರಲ್ಲಿ ಪ್ರಕಟವಾದ ಸಂಶೋಧನೆಯು ಎರಡು ಸಂಗತಿಗಳನ್ನು ತಿಳಿಸಿತು: ಒತ್ತಡವನ್ನು ಶೇಕಡ 30ರಷ್ಟು ಇಳಿಸಿದರೆ ಇವರಲ್ಲಿಯೂ ರೋಗ ನಿಧಾನವಾಗುತ್ತದೆ, ಆದರೂ ಕೆಲವರಲ್ಲಿ ನಿಲ್ಲುವುದಿಲ್ಲ. ಅಂದರೆ ಒತ್ತಡ ಕಾರಣಗಳಲ್ಲೊಂದು, ಏಕಮಾತ್ರ ಕಾರಣವಲ್ಲ. ಇಲ್ಲಿಂದ ನರಕೋಶವನ್ನೇ ನೇರವಾಗಿ ರಕ್ಷಿಸುವ ಆಲೋಚನೆಗೆ ಬಲ ಬಂದಿತು. ಆಲ್ಜೈಮರ್ ರೋಗದಲ್ಲಿ ಬಳಕೆಯಲ್ಲಿರುವ ಮೆಮಾಂಟಿನ್ ಔಷಧವನ್ನು ಒಟ್ಟು 2,298 ಗ್ಲಾಕೋಮ ರೋಗಿಗಳನ್ನೊಳಗೊಂಡ ಎರಡು ಪ್ರಯೋಗಗಳಲ್ಲಿ ನಾಲ್ಕು ವರ್ಷ ಪರೀಕ್ಷಿಸಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶಾದಾಯಕವಾಗಿತ್ತು: ರೋಗದ ಮುನ್ನಡೆಯನ್ನು ಅದು ತಡೆಯಲಿಲ್ಲ.

ಪೆಪ್ಟೈಡುಗಳ ಹಾದಿ ಬೇರೆ ಮೂಲದಿಂದ ಬಂದುದು. ಇವು ಅಮೈನೋ ಆಮ್ಲಗಳ ಚಿಕ್ಕ ಸರಪಣಿಗಳು. ಕಣ್ಣಿನ ಮಸೂರದ ಆಲ್ಫಾ-ಕ್ರಿಸ್ಟಲಿನ್ ಪ್ರೋಟೀನು ಕೇವಲ ಪಾರದರ್ಶಕತೆಗಾಗಿ ಇರುವುದೆಂದು ಬಹುಕಾಲ ಭಾವಿಸಲಾಗಿತ್ತು. ಹಣ್ಣುನೊಣವು ಶಾಖದ ಆಘಾತಕ್ಕೆ ಸಿಕ್ಕಾಗ ಉತ್ಪಾದಿಸುವ ಪ್ರೋಟೀನುಗಳಿಗೂ ಇದಕ್ಕೂ ನಂಟುಂಟೆಂದು 1982ರಲ್ಲಿ ತಿಳಿದುಬಂದಿತು. ಕೆಡುತ್ತಿರುವ ಇತರ ಪ್ರೋಟೀನುಗಳು ಗಂಟುಗಟ್ಟದಂತೆ ಇದು ಕಾಯುವುದೆಂದು 1992ರಲ್ಲಿ ಹಾರ್ವಿಟ್ಸ್ ತೋರಿಸಿದನು. ಆ ಬಳಿಕ, ಈ ರಕ್ಷಕಗುಣವು ಪ್ರೋಟೀನಿನ ಒಂದು ಚಿಕ್ಕ ಭಾಗದಲ್ಲಿಯೂ ಉಳಿದಿರುವುದು ಕಂಡುಬಂದಿತು. ಅಂಥ ಭಾಗದಿಂದ ರೂಪಿಸಿದ ಪೆಪ್ಟೈನ್-1 ಎಂಬುದನ್ನು ಇಲಿ ಜಾತಿಯ ಪ್ರಾಣಿಗಳಿಗೆ ಚುಚ್ಚುಮದ್ದಾಗಿ ಕೊಟ್ಟಾಗ ಗ್ಯಾಂಗ್ಲಿಯನ್ ಕೋಶಗಳ ನಾಶ ಕಡಮೆಯಾಯಿತೆಂದು 2019ರಲ್ಲಿ ವರದಿಯಾಯಿತು.

ಇದು ಆಶಾದಾಯಕವಾದರೂ ಇಲಿಯಿಂದ ಮನುಷ್ಯನವರೆಗಿನ ದಾರಿ ದೀರ್ಘವಾದುದು. ರೀಟ ಲೆವಿ-ಮೊಂಟಾಲ್ಚಿನಿಗೆ 1986ರ ನೊಬೆಲ್ ಪಾರಿತೋಷಕವನ್ನು ತಂದ ನರವರ್ಧಕ ಪ್ರೋಟೀನನ್ನು ಹನಿಯ ರೂಪದಲ್ಲಿ 60 ಮಂದಿಯೊಳಗೊಂಡ ಪ್ರಯೋಗದಲ್ಲಿ ಎಂಟು ವಾರ ಪರೀಕ್ಷಿಸಲಾಯಿತು. ಅದು ನಿರಪಾಯಕರವೆಂದು 2022ರಲ್ಲಿ ತಿಳಿದರೂ, ನಿಶ್ಚಿತವಾದ ಲಾಭ ಸಿದ್ಧಪಡಲಿಲ್ಲ. ಇಳಿದ ಒತ್ತಡವನ್ನು ಮಾಪಕವು ಕೂಡಲೇ ತೋರಿಸಬಲ್ಲದು. ಅಳಿಯದೆ ಉಳಿದ ನರವನ್ನು ತೋರಿಸಲು ವರ್ಷಗಳೇ ಬೇಕು. ನರರಕ್ಷಣೆಯ ಪ್ರಯತ್ನಗಳು ಎದುರಿಸುವ ಮುಖ್ಯ ತೊಡಕು ಇದೇ. ಈ ಉದ್ದೇಶಕ್ಕೆ ಯಾವ ಪೆಪ್ಟೈಡೂ ಇನ್ನೂ ಅಂಗೀಕೃತ ಔಷಧವಾಗಿಲ್ಲ. ಆದುದರಿಂದ ಹೊಸ ಮಾರ್ಗದ ನಿರೀಕ್ಷೆಯಲ್ಲಿ ಹಳೆಯ ಹನಿಯನ್ನು ಕೈಬಿಡುವುದು ಸಲ್ಲದು. ಕಾಯುವ ಕಾಲದಲ್ಲಿ ಕಳೆದ ನೋಟವನ್ನು ಮುಂದೆ ಬರುವ ಔಷಧವೂ ಹಿಂದಿರುಗಿಸುವುದೆಂದು ನಂಬಲು ಆಧಾರವಿಲ್ಲ.