ಜಪದ ಮಾತುಗಳ ಜಾಡಿನಲ್ಲಿ



ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ನನ್ನ ಬಳಿ ವ್ಯಾಕರಣ ಕಲಿತವರಿಗೆ ‘ಅನ್ಯದೇಶ್ಯ’ ಪದಗಳ ಪಾಠ ನೆನಪಿರಬಹುದು. ಸಾಬೂನು, ಅಲಮಾರು, ಬಟಾಟೆಗಳ ಸಾಲಿನಲ್ಲಿ ‘ಪಾದ್ರಿ’ ಎಂಬುದನ್ನೂ ಪೋರ್ಚುಗೀಸ್ ಮೂಲದ ಪದವೆಂದು ಹೇಳಿಕೊಡುತ್ತಿದ್ದೆ. ಆಗ ಕಥೋಲಿಕ ಮನೆಗಳ ಮಕ್ಕಳು ತಾವು ದಿನವೂ ಹೇಳುವ ಜಪದ ಪದಗಳ ಅರ್ಥವನ್ನು ಕೇಳುವುದಿತ್ತು. ‘ವರಪ್ರಸಾದದಲ್ಲಿರುವ ವರ ಮದುವೆಯ ಗಂಡೇ, ಸಾರ್?’ ಎಂದು ಒಬ್ಬ ಬಾಲಕಿ ಕೇಳಿದಾಗ ತರಗತಿಯೇ ನಕ್ಕಿತು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಸಾವಿರ ಸಲ ಉಚ್ಚರಿಸಿದ ಪದದ ಅರ್ಥವನ್ನು ಒಮ್ಮೆಯಾದರೂ ಕೇಳಬೇಕೆಂದು ಆ ಮಗುವಿಗೆ ತೋರಿತ್ತು.

ಇಲ್ಲಿ ‘ವರ’ವೆಂದರೆ ಬೇಡಿ ಪಡೆಯುವ ಅನುಗ್ರಹ. ‘ಪ್ರಸಾದ’ದ ಮೂಲಾರ್ಥ ಪ್ರಸನ್ನತೆ, ಕೈಗೆ ಬೀಳುವ ನೈವೇದ್ಯದ ಅರ್ಥ ಆಮೇಲಿನದು. ಲ್ಯಾಟಿನ್ನಿನ ‘ಗ್ರಾತ್ಸಿಯ’ ಎಂಬ ಪದಕ್ಕೆ ಇದಕ್ಕಿಂತ ಹೊಂದುವ ಮಾತು ಸಿಗುವುದು ಕಷ್ಟ. ನಮ್ಮ ಸೀಮೆಯ ವೀರಶೈವ ಮನೆಗಳಲ್ಲಿ ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರನ ಗುಡಿಯನ್ನು ದೇವಾಲಯವೆನ್ನುತ್ತೇವೆ. ಕನ್ನಡ ಕಥೋಲಿಕರು ತಮ್ಮ ಚರ್ಚನ್ನೂ ದೇವಾಲಯವೆಂದೇ ಕರೆಯುತ್ತಾರೆ. ಹೀಗೆ ನೆರೆಮನೆಯವರ ಮಾತಿನಲ್ಲಿಯೇ ಹೊಸ ಧರ್ಮವೊಂದು ತನ್ನನ್ನು ಹೇಳಿಕೊಂಡಿತು.

ಇದು ಆಕಸ್ಮಿಕವಲ್ಲ. 1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರಾಬರ್ಟೊ ದೆ ನೊಬಿಲಿಯವರು ಸಂಸ್ಕೃತ ಮತ್ತು ತಮಿಳುಗಳನ್ನು ಕಲಿತು, ಸರ್ವೇಶ್ವರ, ಪೂಜೆ ಮುಂತಾದ ದೇಶೀಯ ಪದಗಳಲ್ಲಿಯೇ ಉಪದೇಶಿಸಿದರು. 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಲಿಯೊನಾರ್ಡೊ ಚಿನ್ನಮಿಯವರು ಅದೇ ದಾರಿಯಲ್ಲಿ ನಡೆದು ಕನ್ನಡದಲ್ಲಿ ಧರ್ಮೋಪದೇಶದ ಕೃತಿಗಳನ್ನು ರಚಿಸಿದರು. 1773ರಲ್ಲಿ ಪೋಪರು ಯೇಸುಸಭೆಯನ್ನು ವಿಸರ್ಜಿಸಿದ ಮೇಲೆ ಮೈಸೂರು ಸೀಮೆಯ ಕೆಲಸ ಪ್ಯಾರಿಸ್ ವಿದೇಶಿ ಮಿಷನ್ನಿನ ಫ್ರೆಂಚ್ ಗುರುಗಳ ಪಾಲಿಗೆ ಬಂದಿತು. ಅವರು 1855ರಲ್ಲಿ ಕನ್ನಡ–ಲ್ಯಾಟಿನ್ ನಿಘಂಟನ್ನೂ 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟನ್ನೂ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು.

ಈ ಜಪಗಳಲ್ಲಿ ಬೇರೆ ಪದರಗಳೂ ಇವೆ. ‘ಶಿಲುಬೆ’ ಸಿರಿಯಾಕ್ ಭಾಷೆಯಲ್ಲಿ ಹುಟ್ಟಿ ತೆಂಕಣ ನಾಡುಗಳನ್ನು ಹಾದು ಬಂದುದು. ‘ಪಾಸ್ಕ’ ಮತ್ತು ‘ಆಮೆನ್’ ಹೀಬ್ರೂ ಮೂಲದವು. ಹಿರಿಯರು ಪವಿತ್ರಾತ್ಮನಿಗೆ ‘ಸ್ಪಿರಿತು ಸಾಂತು’ ಎನ್ನುತ್ತಿದ್ದುದು ಪೋರ್ಚುಗೀಸ್ ಪಳೆಯುಳಿಕೆ. ಸಂತರನ್ನು ‘ಅರ್ಚಶಿಷ್ಟ’ರೆನ್ನುತ್ತಿದ್ದುದು ತಮಿಳುನಾಡಿನ ಮಾರ್ಗವಾಗಿ ಬಂದ ಸಂಸ್ಕೃತ. ಅನುದಿನದ ಆಹಾರವನ್ನು ಬೇಡುವ ಮಾತನ್ನು ನೋಡಿ: ಮೂಲದಲ್ಲಿರುವುದು ರೊಟ್ಟಿ. ರಾಗಿಮುದ್ದೆಯ ನಾಡಿನಲ್ಲಿ ಅದು ಆಹಾರವಾದುದು ಉಚಿತವೇ ಆಯಿತು. ‘ಅನುದಿನ’ವೆಂದು ನಾವು ಹೇಳುವ ಗ್ರೀಕ್ ಪದವಾದರೋ ಎಷ್ಟು ಅಪರೂಪದ್ದೆಂದರೆ, ಸಂತ ಜೆರೋಮರು ಲೂಕನ ಪಾಠದಲ್ಲಿ ‘ದಿನನಿತ್ಯದ’ ಎಂದೂ ಮತ್ತಾಯನ ಪಾಠದಲ್ಲಿ ‘ವಸ್ತುಮಾತ್ರವನ್ನು ಮೀರಿದ’ ಎಂಬರ್ಥದಲ್ಲಿಯೂ ಅದನ್ನು ಅನುವಾದಿಸಿದರು. ಅರ್ಥಕ್ಕಾಗಿ ತಡಕಾಡಿದವರು ನಮ್ಮ ಮಕ್ಕಳು ಮಾತ್ರವಲ್ಲ!

ಜಪ ಕನ್ನಡದಲ್ಲಿದ್ದರೂ ಪೂಜೆ ಬಹುಕಾಲ ಲ್ಯಾಟಿನ್ನಿನಲ್ಲಿಯೇ ನಡೆಯಿತು. ಗುರುಗಳು ಪೀಠದ ಬಳಿ ಲ್ಯಾಟಿನ್ ಮಂತ್ರ ಹೇಳುತ್ತಿದ್ದರೆ ಜನರು ಕೆಳಗೆ ಕುಳಿತು ಜಪಸರ ಎಣಿಸುತ್ತಿದ್ದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ದೇಶಭಾಷೆಗಳಿಗೆ ಎಡೆ ಮಾಡಿಕೊಟ್ಟಿತು. ಅದಕ್ಕೆ ಕೆಲವೇ ದಿನ ಮುಂಚೆ, ನವೆಂಬರ್ 16ರಂದು, ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ ಸ್ಥಾಪಿತವಾಗಿತ್ತು. ಹೀಗೆ ಹೊಸ ಧರ್ಮಪ್ರಾಂತವೂ ಹೊಸ ಭಾಷೆಯೂ ಬಹುಮಟ್ಟಿಗೆ ಒಟ್ಟಿಗೇ ನಮ್ಮ ಸೀಮೆಗೆ ಬಂದವು.

ಆದರೆ ‘ಕನ್ನಡವಾಯಿತು’ ಎಂದ ಮಾತ್ರಕ್ಕೆ ಎಲ್ಲವೂ ತಿಳಿಯಿತೆಂದಲ್ಲ. ರೈಲು ಹಿಡಿದು ಬಂದ ತಮಿಳರಿಗೂ ಕರಾವಳಿಯಿಂದ ಕಾಫಿ ಸೀಮೆಗೆ ಬಂದ ಕೊಂಕಣಿಗರಿಗೂ ಈ ತತ್ಸಮಗಳು ಬಿಗಿಯಾದವುಗಳೇ. ಪರಿಷ್ಕಾರದಲ್ಲಿ ಪದಗಳು ಬದಲಾದಾಗ, ಬಾಲ್ಯದಿಂದ ನಾಲಿಗೆಗೆ ಅಂಟಿದ ಮಾತನ್ನು ಬಿಡಬೇಕಾದ ಅಜ್ಜಿಯರಿಗೆ ಅದೊಂದು ನಷ್ಟವೇ ಆಗಿತ್ತು. ತಿಳಿದು ಹೇಳುವ ಸುಖ ಒಂದು; ಹಿರಿಯರು ಹೇಳಿದಂತೆಯೇ ಹೇಳುವ ಸುಖ ಮತ್ತೊಂದು. ಇವೆರಡರಲ್ಲಿ ಒಂದನ್ನು ಹಳಿದು ಇನ್ನೊಂದನ್ನು ಹೊಗಳಲು ನನಗೆ ಮನಸ್ಸಿಲ್ಲ. ಹಳೆಯ ಪದವನ್ನು ಕಿತ್ತೆಸೆಯದೆ ಅದರ ಅರ್ಥವನ್ನು ಬಿಡಿಸಿ ಹೇಳಿದರೆ ಎರಡೂ ಉಳಿಯುತ್ತವೆ. ಮೇಷ್ಟ್ರುಗಳ ಕೆಲಸವೂ ಅಷ್ಟೇ ಅಲ್ಲವೇ?

ಅಚ್ಚಾದ ಪುಸ್ತಕಗಳು ಎಲ್ಲಿಯೋ ಉಳಿದಾವು. ಉಚ್ಚಾರಣೆಯು ಹಿರಿಯರೊಡನೆ ಹೊರಟುಹೋಗುತ್ತದೆ. ನಿಮ್ಮ ಮನೆಯಲ್ಲಿ ಹಳೆಯ ಜಪಗಳನ್ನು ಬಲ್ಲವರಿದ್ದರೆ ಅವರ ಬಳಿ ಕುಳಿತು, ಅವರು ಹೇಳಿದಂತೆಯೇ, ತಿದ್ದದೆ ಬರೆದಿಟ್ಟುಕೊಳ್ಳಿ. ಅರ್ಥ ತಿಳಿಯದ ಪದ ಸಿಕ್ಕರೆ ನನಗೆ ಬರೆಯಿರಿ, ಕೂಡಿ ಬಿಡಿಸೋಣ.