ಹೆಚ್ಚುವರಿ ಪಂದ್ಯಗಳ ಗಲ್ಲಾಪೆಟ್ಟಿಗೆ

2022ರ ಕೊನೆಯಲ್ಲಿ ನನಗೊಂದು ಕ್ರೀಡಾ ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ ಸಿಕ್ಕಿತು. ಎಂಟು ಕಂತು. ಕಂತಿಗೆ ಇಷ್ಟು ಎಂದಲ್ಲ, ಒಟ್ಟಾರೆ ಇಷ್ಟು ಎಂದು ಮಾತು. ವಿಷಯ ಉತ್ತರ ಅಮೆರಿಕದ ವೃತ್ತಿಪರ ಹಾಕಿ ಮತ್ತು ಬ್ಯಾಸ್ಕೆಟ್‌ಬಾಲ್. ಇಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನದು. ಕೊಡಗಿನ ಓದುಗರು ಈ ಒಂದು ವಾರ ಕ್ಷಮಿಸಬೇಕು.

ಮೊದಲ ಕಂತಿನ ಮೂರನೇ ನಿಮಿಷದಲ್ಲೇ ‘ಪ್ಲೇಆಫ್’ ಎಂಬ ಪದ ಎದುರಾಯಿತು. ‘ನಿರ್ಣಾಯಕ ಹಂತದ ಪಂದ್ಯಗಳು’ ಎಂದು ಬರೆದರೆ ಸಬ್‌ಟೈಟಲ್‌ನ ಒಂದು ಸಾಲು ಅಲ್ಲಿಗೇ ಮುಗಿಯುತ್ತದೆ. ಪ್ಲೇಆಫ್ ಎಂದೇ ಇಟ್ಟೆ. ಐಪಿಎಲ್‌ನಲ್ಲಿ 2011ಕ್ಕೆ ಸೆಮಿಫೈನಲ್ ಹೋಗಿ ಪ್ಲೇಆಫ್ ಬಂದ ಮೇಲೆ ಅದು ನಮಗೆ ಹೊಸ ಪದವೂ ಅಲ್ಲ. ಬೆಂಗಳೂರು ತಂಡದ ಅಭಿಮಾನಿಗಳಂತೂ ಅದನ್ನು ಕ್ಯಾಲ್ಕ್ಯುಲೇಟರ್ ಜೊತೆಗೇ ಕಲಿತವರು. (ಚೆನ್ನೈ, ಹೈದರಾಬಾದಿನ ಓದುಗರು 2011 ಮತ್ತು 2016ರ ಫೈನಲ್ ನೆನಪಿಸಿ ಪತ್ರ ಬರೆಯಬೇಡಿ. 2025ರಲ್ಲಿ ಲೆಕ್ಕ ಚುಕ್ತಾ ಆಗಿದೆ.)

ಆದರೆ ಪದದ ಹಿಂದೆ ಬೀಳುವುದು ಭಾಷಾವಿಜ್ಞಾನ ಓದಿದವರಿಗೆ ಅಂಟಿದ ಚಟ. ಇಂಗ್ಲಿಷಿನಲ್ಲಿ ಇದರ ಹಳೆಯ ಅರ್ಥ ಸರಳ: ಇಬ್ಬರು ಸಮ ಬಂದರೆ ಇನ್ನೊಂದು ಪಂದ್ಯ ಆಡಿ ಇತ್ಯರ್ಥ ಮಾಡಿಕೊಳ್ಳುವುದು. ಅಂದರೆ ಮೊದಲು ಅನುಮಾನವಿರಬೇಕು, ಆಮೇಲೆ ಪ್ಲೇಆಫ್. ಇವತ್ತಿನ ಪ್ಲೇಆಫ್‌ನಲ್ಲಿ ಅಂಥ ಅನುಮಾನವೇನೂ ಇಲ್ಲ. ಎನ್‌ಬಿಎ, ಎನ್‌ಎಚ್‌ಎಲ್ ಎರಡರಲ್ಲೂ ಪ್ರತಿ ತಂಡ 82 ಪಂದ್ಯ ಆಡಿರುತ್ತದೆ, ಯಾರು ಮೊದಲು ಯಾರು ಎಂಟನೆಯವರು ಎಂದು ಪಟ್ಟಿಯಲ್ಲಿ ಅಚ್ಚಾಗಿರುತ್ತದೆ. ಆದರೂ ಏಪ್ರಿಲ್‌ನಲ್ಲಿ ಎಲ್ಲ ಅಳಿಸಿ, ಏಳು ಪಂದ್ಯಗಳಲ್ಲಿ ನಾಲ್ಕು ಗೆದ್ದವರು ಮುಂದೆ ಎಂಬ ಹೊಸ ಲೆಕ್ಕ ಶುರುವಾಗುತ್ತದೆ. ಇಲ್ಲದ ಅನುಮಾನವನ್ನು ಯಾರು ಹುಟ್ಟಿಸಿದರು, ಯಾಕೆ?

ಹಾಕಿಯ ಸ್ಟ್ಯಾನ್ಲಿ ಕಪ್ ಇದಕ್ಕಿಂತ ಹಳೆಯದು. 1892ರಲ್ಲಿ ಕೆನಡಾದ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿ ಕೊಟ್ಟ ಬೆಳ್ಳಿ ಬಟ್ಟಲು ಅದು. ಆಗ ಪದ್ಧತಿ ಸವಾಲಿನದು, ಗರಡಿಮನೆ ಪೈಲ್ವಾನರ ಹಾಗೆ. ಕಪ್ ಇಟ್ಟುಕೊಂಡವರ ಮನೆಗೆ ಹೋಗಿ ಸೋಲಿಸಿದರೆ ಕಪ್ ನಿಮ್ಮದು. 1904ರ ಡಿಸೆಂಬರಿನಲ್ಲಿ ಚಿನ್ನದ ಗಣಿಗಳ ಯೂಕಾನ್ ಪ್ರದೇಶದ ಡಾಸನ್ ಸಿಟಿಯಿಂದ ಒಂದು ತಂಡ ಹೀಗೇ ಹೊರಟಿತು. ಸುಮಾರು 6,400 ಕಿಲೋಮೀಟರ್. ನಾಯಿಬಂಡಿ, ಸೈಕಲ್, ಕಾಲ್ನಡಿಗೆ, ಹಡಗು, ರೈಲು. ಜನವರಿಯಲ್ಲಿ ಒಟ್ಟಾವಾ ತಲುಪಿ ಮರುದಿನವೇ ಆಡಿ 9–2ರಿಂದ ಸೋತರು. ಎರಡನೇ ಪಂದ್ಯ 23–2. ಅದರಲ್ಲಿ 14 ಗೋಲು ಹೊಡೆದ ಫ್ರಾಂಕ್ ಮೆಕ್‌ಗೀಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಇಷ್ಟು ಅಂದವಾಗಿ ಸೋತವರನ್ನು ನಾನು ಬೇರೆ ಓದಿಲ್ಲ.

ಸವಾಲಿನ ಪದ್ಧತಿಯಲ್ಲಿ ಒಂದು ತೊಂದರೆ: ದುಡ್ಡು ಯಾವಾಗ ಬರುತ್ತದೆ ಎಂದು ಮೊದಲೇ ಹೇಳಲಾಗದು. ಅದನ್ನು ಸರಿಪಡಿಸಿದವರು ಲೆಸ್ಟರ್ ಮತ್ತು ಫ್ರಾಂಕ್ ಪ್ಯಾಟ್ರಿಕ್ ಎಂಬ ಅಣ್ಣತಮ್ಮಂದಿರು. ಮರದ ವ್ಯಾಪಾರ ಮಾರಿ ಬಂದ ಮನೆಯ ದುಡ್ಡಿನಿಂದ ಅವರು 1911ರಲ್ಲಿ ವ್ಯಾಂಕೂವರ್ ಮತ್ತು ವಿಕ್ಟೋರಿಯಾಗಳಲ್ಲಿ ಕೆನಡಾದ ಮೊದಲ ಕೃತಕ ಮಂಜುಗಡ್ಡೆಯ ಅಂಕಣಗಳನ್ನು ಕಟ್ಟಿದರು. ಅಂಕಣ ಅವರದು, ಲೀಗ್ ಅವರದು, ಸಾಲದ್ದಕ್ಕೆ ಆಟಗಾರರೂ ಅವರೇ. ಯಂತ್ರದಿಂದ ನೀರು ಹೆಪ್ಪುಗಟ್ಟಿಸುವ ಖರ್ಚು ಸಣ್ಣದಲ್ಲ, ಆಸನಗಳು ತುಂಬಲೇಬೇಕು. ಒಂದು ತಂಡ ಜನವರಿಯಲ್ಲೇ ಮುಂದೆ ಓಡಿಬಿಟ್ಟರೆ ಫೆಬ್ರವರಿಯಲ್ಲಿ ಟಿಕೆಟ್ ಕೊಳ್ಳುವವರು ಯಾರು? ಹಾಗಾಗಿ 1918ರಲ್ಲಿ ಅವರ ಲೀಗಿನಲ್ಲಿ ಮೊದಲನೆಯ ಮತ್ತು ಎರಡನೆಯ ಸ್ಥಾನದವರು ಕೊನೆಗೆ ಮತ್ತೆ ಆಡಬೇಕೆಂದಾಯಿತು. ಮೊದಲು ಬಂದಿದ್ದ ಸಿಯಾಟಲ್ ಎರಡನೆಯ ವ್ಯಾಂಕೂವರ್‌ಗೆ ಸೋತಿತು. ವರ್ಷವಿಡೀ ಗೆದ್ದವರು ಎರಡು ರಾತ್ರಿಯಲ್ಲಿ ಕಳೆದುಕೊಳ್ಳುವ ಸಂಪ್ರದಾಯ ಹುಟ್ಟಿದ ವರ್ಷದಲ್ಲೇ ಶುರುವಾಯಿತು.

ಮರುವರ್ಷ ಅದೇ ಸಿಯಾಟಲ್ ಫೈನಲ್ ತಲುಪಿ, ಮಾಂಟ್ರಿಯಲ್ ಕೆನೇಡಿಯನ್ಸ್ ಜೊತೆ ತಲಾ ಎರಡು ಗೆದ್ದು ಒಂದು ಸಮವಾಗಿದ್ದಾಗ ಇನ್‌ಫ್ಲೂಯೆಂಜಾ ಬಂತು. ಕೊನೆಯ ಪಂದ್ಯ ನಡೆಯಲಿಲ್ಲ. ಮಾಂಟ್ರಿಯಲ್‌ನ ಜೋ ಹಾಲ್ ಸಿಯಾಟಲ್‌ನಲ್ಲೇ ತೀರಿಕೊಂಡರು. ಆ ವರ್ಷ ಕಪ್ ಯಾರಿಗೂ ಇಲ್ಲ.

ಈಗ ನಾನು ಹೇಳಬೇಕೆಂದಿರುವ ಊರಿಗೆ ಬರುತ್ತೇನೆ: ಕೆನಡಾದ ಉಕ್ಕಿನ ಪಟ್ಟಣ ಹ್ಯಾಮಿಲ್ಟನ್. ಸಾಕ್ಷ್ಯಚಿತ್ರದಲ್ಲಿ ಇದರ ಸುದ್ದಿಯೇ ಇರಲಿಲ್ಲ. ಪದದ ಬೆನ್ನು ಹತ್ತಿದಾಗ ಸಿಕ್ಕಿದ್ದು. 1924–25ರಲ್ಲಿ ಎನ್‌ಎಚ್‌ಎಲ್‌ಗೆ ಎರಡು ಹೊಸ ತಂಡ ಸೇರಿ ಪಂದ್ಯಗಳು 24ರಿಂದ 30ಕ್ಕೆ ಏರಿದವು. ಸಂಬಳ ಏರಲಿಲ್ಲ. ಆ ವರ್ಷ ಪಟ್ಟಿಯಲ್ಲಿ ಮೊದಲು ಬಂದದ್ದು ಹ್ಯಾಮಿಲ್ಟನ್ ಟೈಗರ್ಸ್. ಎರಡನೆಯವರೂ ಮೂರನೆಯವರೂ ಆಡಿ ಗೆದ್ದವರು ಬಂದು ಇವರನ್ನು ಎದುರಿಸಬೇಕಿತ್ತು. ಆಗ ನಾಯಕ ಶಾರ್ಟಿ ಗ್ರೀನ್ ಮತ್ತು ಜೊತೆಯವರು ಮಾಲೀಕರಿಗೆ ಹೇಳಿದರು: ಆರು ಪಂದ್ಯ ಹೆಚ್ಚಿಗೆ ಆಡಿದ್ದೇವೆ, ಈಗ ಪ್ಲೇಆಫ್ ಬೇರೆ. ತಲೆಗೆ 200 ಡಾಲರ್ ಕೊಡಿ, ಇಲ್ಲದಿದ್ದರೆ ಆಡುವುದಿಲ್ಲ.

ಉತ್ತರ ಹೀಗೆ ಬಂತು: ನಿಮ್ಮ ಒಪ್ಪಂದ ಪಂದ್ಯಗಳ ಲೆಕ್ಕದ್ದಲ್ಲ, ದಿನಾಂಕಗಳ ಲೆಕ್ಕದ್ದು. ಈ ತಾರೀಖಿನಿಂದ ಆ ತಾರೀಖಿನವರೆಗೆ ಎಷ್ಟು ಪಂದ್ಯವಿಟ್ಟರೂ ಆಡಬೇಕು.

ಇದನ್ನು ಓದುವ ಹೊತ್ತಿಗೆ ನನ್ನ ಎಂಟು ಕಂತು ಹನ್ನೊಂದಾಗಿದ್ದವು. ‘ಕೊನೆಯ ಮೂರು ಚಿಕ್ಕವು’ ಎಂದಿತ್ತು ಮೇಲ್. ಕಂತಿಗೆ ಲೆಕ್ಕ ಹಾಕಿ ಹೆಚ್ಚುವರಿ ಕೇಳಿದ್ದಕ್ಕೆ, ಒಪ್ಪಂದ ಇಡೀ ಪ್ರಾಜೆಕ್ಟಿಗೆ ಎಂದು ಉತ್ತರ. ಶಾರ್ಟಿ ಗ್ರೀನ್‌ಗೆ ಪಕ್ಕದಲ್ಲಿ ಇಡೀ ತಂಡವಿತ್ತು. ಪುಣೆಯ ಬಾಡಿಗೆ ಮನೆಯಲ್ಲಿ ನಾನು ಒಬ್ಬಳೇ ಇದ್ದೆ. ಹನ್ನೊಂದೂ ಮುಗಿಸಿ ಕಳಿಸಿದೆ.

ಹ್ಯಾಮಿಲ್ಟನ್‌ನವರು ಜಗ್ಗಲಿಲ್ಲ. ಲೀಗ್ ಅಧ್ಯಕ್ಷ ಫ್ರಾಂಕ್ ಕಾಲ್ಡರ್ ಇಡೀ ತಂಡವನ್ನು ಅಮಾನತು ಮಾಡಿ, ಪ್ರತಿಯೊಬ್ಬರಿಗೂ ಅವರು ಕೇಳಿದಷ್ಟೇ, ಅಂದರೆ 200 ಡಾಲರ್, ದಂಡ ಹಾಕಿದರು. ಮೂರನೇ ಸ್ಥಾನದ ಮಾಂಟ್ರಿಯಲ್ ಎರಡನೆಯ ಟೊರಾಂಟೊವನ್ನು ಸೋಲಿಸಿ ಲೀಗ್ ಚಾಂಪಿಯನ್ ಆಯಿತು. ನಂತರ ಸ್ಟ್ಯಾನ್ಲಿ ಕಪ್‌ನಲ್ಲಿ ವಿಕ್ಟೋರಿಯಾಗೆ ಸೋತಿತು. ಆ ವಿಕ್ಟೋರಿಯಾ ತಂಡ ಲೆಸ್ಟರ್ ಪ್ಯಾಟ್ರಿಕ್ ಅವರದು. ಬೇಸಿಗೆಯಲ್ಲಿ ಹ್ಯಾಮಿಲ್ಟನ್ ಆಟಗಾರರ ಒಪ್ಪಂದಗಳನ್ನು 75,000 ಡಾಲರಿಗೆ ನ್ಯೂಯಾರ್ಕಿನ ಬಿಲ್ ಡ್ವೈಯರ್‌ಗೆ ಮಾರಲಾಯಿತು. ಈತ ಪಾನನಿಷೇಧದ ಕಾಲದ ದೊಡ್ಡ ಕಳ್ಳಭಟ್ಟಿ ದಂಧೆಗಾರ. ಹ್ಯಾಮಿಲ್ಟನ್‌ಗೆ ಇಂದಿಗೂ ಮತ್ತೊಂದು ಎನ್‌ಎಚ್‌ಎಲ್ ತಂಡ ಸಿಕ್ಕಿಲ್ಲ.

ಆ ಆಟಗಾರರು ನ್ಯೂಯಾರ್ಕಿಗೆ ಹೋಗಿ ಆಡಿದ್ದು 1925ರಲ್ಲಿ ಹೊಸದಾಗಿ ತೆರೆದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಬ್ಯಾಸ್ಕೆಟ್‌ಬಾಲ್ ನಮ್ಮ ಕಥೆಯೊಳಗೆ ಬರುವುದು ಇದೇ ಬಾಗಿಲಿನಿಂದ. ಅಷ್ಟು ದೊಡ್ಡ ಕಟ್ಟಡದಲ್ಲಿ ಹಾಕಿ ಇಲ್ಲದ ರಾತ್ರಿ ಏನು ಮಾಡುವುದು? ನೆಡ್ ಐರಿಷ್ ಎಂಬ ಪತ್ರಕರ್ತ 1934ರಿಂದ ಅಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಏರ್ಪಡಿಸಿ ಜನ ಬರುತ್ತಾರೆ ಎಂದು ತೋರಿಸಿಕೊಟ್ಟರು. ಯುದ್ಧ ಮುಗಿದ ಮೇಲೆ, 1946ರ ಜೂನ್‌ನಲ್ಲಿ, ಹಾಕಿ ಅಂಕಣಗಳ ಮಾಲೀಕರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸೇರಿ ಬ್ಯಾಸ್ಕೆಟ್‌ಬಾಲ್ ಲೀಗ್ ಕಟ್ಟಿದರು. ಇಂದಿನ ಎನ್‌ಬಿಎ ತನ್ನ ಹುಟ್ಟುಹಬ್ಬ ಲೆಕ್ಕ ಹಾಕುವುದು ಆ ದಿನದಿಂದಲೇ. ಅಧ್ಯಕ್ಷರಾಗಿ ಆರಿಸಿದ್ದು ಮಾರಿಸ್ ಪೊಡೊಲೊಫ್ ಅವರನ್ನು. ಅವರು ಆಗಲೇ ಒಂದು ಹಾಕಿ ಲೀಗಿನ ಅಧ್ಯಕ್ಷರು. ಬ್ಯಾಸ್ಕೆಟ್‌ಬಾಲ್ ಅವರಿಗೆ ಅಷ್ಟೇನೂ ಗೊತ್ತಿರಲಿಲ್ಲ. ನವೆಂಬರ್ 1ರಂದು ಮೊದಲ ಪಂದ್ಯ ನಡೆದದ್ದೂ ಟೊರಾಂಟೊದ ಹಾಕಿ ಅಂಕಣದಲ್ಲಿ. ಮಂಜುಗಡ್ಡೆಯ ಮೇಲೆ ಹಲಗೆ ಹಾಸಿದರೆ ಬ್ಯಾಸ್ಕೆಟ್‌ಬಾಲ್, ಹಲಗೆ ಎತ್ತಿದರೆ ಹಾಕಿ. ಒಂದೇ ಕಟ್ಟಡಕ್ಕೆ ಎರಡು ರಾತ್ರಿಯ ಬಾಡಿಗೆ.

ಅವರು ಅಂಕಣದ ಜೊತೆ ಪ್ಲೇಆಫ್ ನಕ್ಷೆಯನ್ನೂ ಹಾಕಿಯಿಂದಲೇ ಎತ್ತಿಕೊಂಡರು. ಎನ್‌ಎಚ್‌ಎಲ್ ಹಿಂದೆ ಬಳಸಿ ಬಿಟ್ಟಿದ್ದ ಒಂದು ವಿಚಿತ್ರ ಕ್ರಮವದು: ಎರಡು ವಿಭಾಗಗಳಲ್ಲಿ ಮೊದಲು ಬಂದವರು ಸೆಮಿಫೈನಲ್‌ನಲ್ಲೇ ಪರಸ್ಪರ ಎದುರಾಗಬೇಕು, ಕೆಳಗಿನವರು ತಮ್ಮತಮ್ಮಲ್ಲೇ ಆಡಿ ಫೈನಲ್‌ಗೆ ಬರಬೇಕು. ಹಾಗಾಗಿ 1947ರಲ್ಲಿ 60ರಲ್ಲಿ 49 ಗೆದ್ದಿದ್ದ ವಾಷಿಂಗ್ಟನ್ ಶಿಕಾಗೊಗೆ 4–2ರಿಂದ ಸೋತು ಮನೆಗೆ ಹೋಯಿತು, ಶಿಕಾಗೊ ಫೈನಲ್‌ನಲ್ಲಿ ಫಿಲಡೆಲ್ಫಿಯಾಗೆ ಸೋತಿತು. ಯಾರು ಶ್ರೇಷ್ಠರು ಎಂದು ಕಂಡುಹಿಡಿಯುವುದೇ ಗುರಿಯಾಗಿದ್ದರೆ ಇಂಥ ನಕ್ಷೆ ಯಾರೂ ಬರೆಯುತ್ತಿರಲಿಲ್ಲ.

ಮುಂದಿನದು ಹಿಗ್ಗುತ್ತಾ ಹೋದ ಕಥೆ. 1952ರಲ್ಲಿ ಡೆಟ್ರಾಯ್ಟ್‌ನ ಮೀನು ವ್ಯಾಪಾರಿ ಸಹೋದರರಿಬ್ಬರು ಅಂಕಣಕ್ಕೆ ಒಂದು ಆಕ್ಟೋಪಸ್ ಎಸೆದರು. ಎಂಟು ಕಾಲು, ಕಪ್ ಗೆಲ್ಲಲು ಎಂಟು ಗೆಲುವು. ತಂಡ ಸತತ ಎಂಟು ಗೆದ್ದಿತು, ಎಸೆಯುವುದು ವಾಡಿಕೆಯಾಯಿತು. ಇಂದು ಕಪ್‌ಗೆ 16 ಗೆಲುವು ಬೇಕು. ಎರಡು ಆಕ್ಟೋಪಸ್. 1979–80ರಲ್ಲಂತೂ ಎನ್‌ಎಚ್‌ಎಲ್‌ನ 21 ತಂಡಗಳಲ್ಲಿ 16ಕ್ಕೆ ಪ್ಲೇಆಫ್ ಪ್ರವೇಶ. ಐದು ತಂಡಗಳನ್ನು ಹೊರಗಿಡಲು 840 ಪಂದ್ಯ ಆಡಿಸಿದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ನೋಡುತ್ತೇನೆ. ಏಪ್ರಿಲ್‌ನಿಂದ ಜೂನ್‌ವರೆಗೆ ಅಲಾರಂ ಬೆಳಗಿನ ನಾಲ್ಕೂವರೆಗೆ. ಗಲ್ಲಾಪೆಟ್ಟಿಗೆಗಾಗಿ ಮಾಡಿದ ಈ ಏರ್ಪಾಡಿನಲ್ಲಿ ಮಾಲೀಕರು ಎಣಿಸದ ಒಂದು ಸಂಗತಿ ಸೇರಿಕೊಂಡಿದೆ. ಅದೇ ಇಬ್ಬರು ಎರಡು ವಾರ ಎದುರುಬದುರಾದರೆ ಮೂರನೇ ಪಂದ್ಯದ ಹೊತ್ತಿಗೆ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿರುತ್ತದೆ. ಐದನೆಯದಕ್ಕೆ ಗುಟ್ಟು ಬದಲಾಗಿರುತ್ತದೆ. ಒಂದೇ ಪಂದ್ಯದ ನಾಕೌಟ್‌ನಲ್ಲಿ ಈ ಸುಖ ಸಿಗದು.

ಒಂದೇ ನಕ್ಷೆಯಿದ್ದರೂ ಎರಡು ಆಟಗಳಲ್ಲಿ ಅದು ಬೇರೆಬೇರೆ ಫಲ ಕೊಡುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಒಂದು ತಂಡದ ಕೈಗೆ ಚೆಂಡು ಸುಮಾರು ನೂರು ಸಲ ಬರುತ್ತದೆ. ಅದೃಷ್ಟ ಹತ್ತು ಸಲ ಕೈಹಿಡಿಯಬಹುದು, ನೂರು ಸಲ ಹಿಡಿಯದು. ಹಾಗಾಗಿ 0–3ರಿಂದ ಹಿಂದಿದ್ದ ತಂಡ ಸರಣಿ ಗೆದ್ದದ್ದು ಎನ್‌ಬಿಎ ಚರಿತ್ರೆಯಲ್ಲೇ ಇಲ್ಲ. ಹಾಕಿಯಲ್ಲಿ ಮೂವತ್ತು ಹೊಡೆತಕ್ಕೆ ಮೂರು ಗೋಲು. ಪಕ್ ಯಾರದೋ ಬೂಟಿಗೆ ತಾಗಿ ತಿರುಗಿದರೆ ಒಂದು ವರ್ಷದ ದುಡಿಮೆ ಹೋಯಿತು. ಅಲ್ಲಿ 0–3ರಿಂದ ಎದ್ದವರು ನಾಲ್ವರು: 1942ರಲ್ಲಿ ಟೊರಾಂಟೊ, 1975ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್, 2010ರಲ್ಲಿ ಫಿಲಡೆಲ್ಫಿಯಾ, 2014ರಲ್ಲಿ ಲಾಸ್ ಏಂಜಲಿಸ್. 2012ರಲ್ಲಿ ಎಂಟನೇ ಸ್ಥಾನದಿಂದ ಬಂದು ಕಪ್ಪನ್ನೇ ಎತ್ತಿದ್ದೂ ಅದೇ ಲಾಸ್ ಏಂಜಲಿಸ್. ಬ್ಯಾಸ್ಕೆಟ್‌ಬಾಲ್‌ನಲ್ಲಿ 73 ಪಂದ್ಯ ಗೆದ್ದ ಗೋಲ್ಡನ್ ಸ್ಟೇಟ್ 2016ರಲ್ಲಿ ಸೋತಿತು ನಿಜ, ಆದರೆ ಸೋತದ್ದು ಫೈನಲ್‌ನ ಏಳನೇ ಪಂದ್ಯದಲ್ಲಿ. ಹಾಕಿಯಲ್ಲಿ 65 ಪಂದ್ಯ ಗೆದ್ದು ದಾಖಲೆ ಮಾಡಿದ ಬಾಸ್ಟನ್ 2023ರಲ್ಲಿ ಮೊದಲ ಸುತ್ತಿನಲ್ಲೇ, ಅದೂ 3–1ರಿಂದ ಮುಂದಿದ್ದು, ಫ್ಲಾರಿಡಾಗೆ ಸೋತಿತು.

ಆ ಏಳನೇ ಪಂದ್ಯ ನಮಗೆ ಮೇ 1ರ ಬೆಳಗಿನ ಜಾವ. ಮಹಾರಾಷ್ಟ್ರ ದಿನ, ಕಾರ್ಮಿಕ ದಿನ, ಊರಿಗೆಲ್ಲ ರಜೆ. ಹೆಚ್ಚುವರಿ ಅವಧಿಯಲ್ಲಿ ಗೋಲಾದಾಗ ನಾನು ಕೂಗಿದ್ದು ಕೇಳಿ ಪಕ್ಕದ ಮನೆಯ ಕಾಕು ಏನಾಯಿತೆಂದು ಬಾಗಿಲು ತಟ್ಟಿದರು. ಹಾಕಿ ಎಂದೆ. ‘ಇಷ್ಟೊತ್ತಿನಲ್ಲಾ?’ ಎಂದರು. ಎರಡು ಆಟಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ನ್ಯಾಯಕ್ಕೆ ಬ್ಯಾಸ್ಕೆಟ್‌ಬಾಲ್ ಎನ್ನುತ್ತೇನೆ, ನಿದ್ದೆಗೆಡುವುದಕ್ಕೆ ಹಾಕಿ.

ಆಟಗಾರರು ಹ್ಯಾಮಿಲ್ಟನ್ ಮರೆತಂತೆ ಕಾಣುವುದಿಲ್ಲ. 1992ರಲ್ಲಿ ಎನ್‌ಎಚ್‌ಎಲ್ ಆಟಗಾರರು ಮುಷ್ಕರ ಹೂಡಲು ಆರಿಸಿಕೊಂಡ ದಿನ ಏಪ್ರಿಲ್ 1, ಪ್ಲೇಆಫ್ ಹೊಸ್ತಿಲು. ಮಾಲೀಕರ ದೊಡ್ಡ ಗಳಿಕೆ ಇನ್ನೇನು ಶುರುವಾಗಬೇಕು. ಸಂಬಳದ ಋತು ಬಹುಪಾಲು ಮುಗಿದಿದ್ದರಿಂದ ಆಟಗಾರರು ಕಳೆದುಕೊಳ್ಳುವುದು ಕಡಿಮೆ. ಹತ್ತೇ ದಿನಕ್ಕೆ ರಾಜಿಯಾಯಿತು. ಪ್ಲೇಆಫ್‌ಗೆ ಕೊಡುವ ಹಣ ಹೆಚ್ಚಿತು. ಜೊತೆಗೆ ಋತುವಿನ ಪಂದ್ಯಗಳೂ 80ರಿಂದ 84ಕ್ಕೆ ಏರಿದವು. ಮಾಲೀಕರು ಬರಿಗೈಯಲ್ಲಿ ಏಳುವವರಲ್ಲ.

2020ರದು ದುಡ್ಡಿನ ಜಗಳವೇ ಅಲ್ಲ. ಕೋವಿಡ್ ಕಾರಣ ಎನ್‌ಬಿಎ ಪ್ಲೇಆಫ್ ಪೂರ್ತಿ ಫ್ಲಾರಿಡಾದ ಡಿಸ್ನಿ ಆವರಣದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯುತ್ತಿತ್ತು. ವಿಸ್ಕಾನ್ಸಿನ್‌ನ ಕೆನೋಶಾದಲ್ಲಿ ಜೇಕಬ್ ಬ್ಲೇಕ್ ಎಂಬ ಕಪ್ಪು ಯುವಕನ ಬೆನ್ನಿಗೆ ಪೊಲೀಸರು ಗುಂಡು ಹಾರಿಸಿದ್ದರು. ಆಗಸ್ಟ್ 26ರಂದು ಅದೇ ರಾಜ್ಯದ ಮಿಲ್ವಾಕಿ ತಂಡ ಒರ್ಲಾಂಡೊ ವಿರುದ್ಧದ ಐದನೇ ಪಂದ್ಯಕ್ಕೆ ಅಂಕಣಕ್ಕೇ ಇಳಿಯಲಿಲ್ಲ. ಉಳಿದ ತಂಡಗಳೂ ನಿಲ್ಲಿಸಿದವು. ಮರುದಿನ ಕೆನಡಾದಲ್ಲಿ ಹಾಕಿ ಆಟಗಾರರೂ ನಿಲ್ಲಿಸಿ, ಎದುರಾಳಿ ತಂಡದವರೆಲ್ಲ ಒಟ್ಟಾಗಿ ಪತ್ರಕರ್ತರ ಮುಂದೆ ಬಂದು ನಿಂತರು. ಈ ಸಲ ಯಾರನ್ನೂ ಅಮಾನತು ಮಾಡಲಿಲ್ಲ, ಯಾರಿಗೂ ದಂಡ ಬೀಳಲಿಲ್ಲ.

ಆಟ ಮತ್ತೆ ಶುರುವಾಗಲು ಎನ್‌ಬಿಎ ಒಪ್ಪಿದ ಮಾತುಗಳಲ್ಲಿ ಒಂದು ಕಟ್ಟಡಗಳ ಬಗ್ಗೆ: ತಂಡದ ಮಾಲೀಕರ ಕೈಯಲ್ಲಿರುವ ಅಂಕಣಗಳನ್ನು ನವೆಂಬರಿನ ಚುನಾವಣೆಗೆ ಮತಗಟ್ಟೆಯಾಗಿ ಬಿಟ್ಟುಕೊಡಲು ಯತ್ನಿಸಬೇಕು. ಮಿಲ್ವಾಕಿ ಮೂರು ದಿನ ಬಿಟ್ಟು ಆಡಿ ಒರ್ಲಾಂಡೊವನ್ನು ಸೋಲಿಸಿತು, ಮುಂದಿನ ಸುತ್ತಿನಲ್ಲಿ ಮಯಾಮಿಗೆ 4–1ರಿಂದ ಸೋತಿತು. ಆ ಚುನಾವಣೆಯಲ್ಲಿ ಮತಗಟ್ಟೆಯಾದ ಅಂಕಣಗಳಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕೂಡ ಇತ್ತು. ಹ್ಯಾಮಿಲ್ಟನ್ ಆಟಗಾರರು ಆಡಿದ ಹಳೆಯ ಕಟ್ಟಡವಲ್ಲ, ಅದೇ ಹೆಸರಿನ ಈಗಿನದು. ಜನ ಮಾಸ್ಕ್ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದರು. ಒಳಗೆ ಹೋಗಲು ಆ ದಿನಗಳಲ್ಲಿ ಟಿಕೆಟ್ ಬೇಕಿರಲಿಲ್ಲ.